ಡಯಾಲಿಸಿಸ್‌ನವರ ಪಿಟಿಎಚ್ ರಿಪೋರ್ಟ್: ಒಂದೇ ಅಂಕೆ ನೋಡಿ ಎಲುಬಿನ ಲೆಕ್ಕ ಮುಗಿಸಬೇಡಿ

ಕಿಡ್ನಿ ಕಾಯಿಲೆ ಇರುವ ಮನೆಗಳಲ್ಲಿ ಕ್ರಿಯೇಟಿನಿನ್, ಪೊಟ್ಯಾಶಿಯಂ, ಹಿಮೋಗ್ಲೋಬಿನ್ ಎಂಬ ಹೆಸರುಗಳು ಅಕ್ಕಿ, ಬೇಳೆಯಷ್ಟೇ ಪರಿಚಿತ. ಶಾಲೆಗೆ ಹೋಗುವ ಮಕ್ಕಳೂ ಅಜ್ಜನ ಕ್ರಿಯೇಟಿನಿನ್ ಎಷ್ಟೆಂದು ಹೇಳಿಯಾರು. ಆದರೆ ಮೂರು ಅಥವಾ ಆರು ತಿಂಗಳಿಗೊಮ್ಮೆ ಡಾಕ್ಟರ್ ಬರೆದು ಕೊಡುವ ಇನ್ನೊಂದು ಪರೀಕ್ಷೆ ಉಂಟು. ಅದರ ಹೆಸರು ಪಿಟಿಎಚ್, ಅಂದರೆ ಪ್ಯಾರಾಥೈರಾಯ್ಡ್ ಹಾರ್ಮೋನ್. ಸಕ್ಕರೆ ಪರೀಕ್ಷೆಗಿಂತ ಎಷ್ಟೋ ದುಬಾರಿ. ರಿಪೋರ್ಟ್ ಬಂದ ಮೇಲೆ ಮನೆಯವರಿಗೆ ಅದರಲ್ಲಿ ಅರ್ಥವಾಗುವುದು ಎರಡೇ: ಅಂಕೆಯ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ 'ಹೈ' ಎಂದು ಬಿದ್ದಿದೆಯಾ, ಇಲ್ಲವಾ ಎಂಬುದು.

ಒಂದು ಉದಾಹರಣೆ ನೋಡಿ. ಡಯಾಲಿಸಿಸ್‌ನಲ್ಲಿರುವ ಇಬ್ಬರ ರಿಪೋರ್ಟ್ ಒಂದೇ ದಿನ ಬಂತು ಎಂದಿಟ್ಟುಕೊಳ್ಳಿ. ಒಬ್ಬರದ್ದು 280, ಇನ್ನೊಬ್ಬರದ್ದು 48. ಪಕ್ಕದಲ್ಲಿ ಲ್ಯಾಬ್‌ನವರು ಮುದ್ರಿಸಿದ ಮಿತಿ 15ರಿಂದ 65. ಮೊದಲನೆಯವರ ಮನೆಯಲ್ಲಿ ಗಾಬರಿ, "ನಾಲ್ಕು ಪಟ್ಟು ಜಾಸ್ತಿ ಆಗಿದೆಯಲ್ಲ" ಎಂದು ಫ್ಯಾಮಿಲಿ ಗ್ರೂಪಿಗೆ ಫೋಟೋ ಹೋಗುತ್ತದೆ. ಎರಡನೆಯವರ ಮನೆಯಲ್ಲಿ ಸಮಾಧಾನ. "ಅಲ್‌ಹಮ್ದುಲಿಲ್ಲಾ, ನಾರ್ಮಲ್" ಎಂದು ರಿಪೋರ್ಟ್ ಫೈಲ್ ಸೇರುತ್ತದೆ.

ಕಿಡ್ನಿ ಡಾಕ್ಟರ್ ಇದೇ ಎರಡು ಕಾಗದವನ್ನು ಓದುವ ರೀತಿ ಬೇರೆ. 280 ಇರುವವರ ಬಗ್ಗೆ ಅವರು ಅಷ್ಟು ತಲೆ ಕೆಡಿಸಿಕೊಳ್ಳದೆ ಇರಬಹುದು. 48 ಇರುವವರ ಮಾತ್ರೆ ಚೀಟಿಯನ್ನು ಮಾತ್ರ ಎರಡು ಸಲ ನೋಡುತ್ತಾರೆ. ಯಾಕೆ ಹೀಗೆ ಎಂಬುದನ್ನು ತಿಳಿಸುವುದೇ ಈ ಬರಹದ ಉದ್ದೇಶ.

ನಾನು ಡಾಕ್ಟರ್ ಅಲ್ಲ, ಅಂಗಡಿಯವ. ಓದಿದ್ದು ಬಿ.ಕಾಂ. ಮನೆಯ ಹಿರಿಯರೊಬ್ಬರ ಜೊತೆ ಡಯಾಲಿಸಿಸ್‌ಗೆ ಹೋಗಿ ಬಂದು, ಡಾಕ್ಟರಲ್ಲಿ ಕೇಳಿ, ಓದಿ ತಿಳಿದುಕೊಂಡದ್ದನ್ನು ನಮ್ಮ ಲೆಕ್ಕದ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಔಷಧಿಯ ತೀರ್ಮಾನ ಯಾವತ್ತಿದ್ದರೂ ನಿಮ್ಮ ಡಾಕ್ಟರದ್ದೇ.

ಗಲ್ಲಾಪೆಟ್ಟಿಗೆ ಮತ್ತು ಗೋಡೌನ್

ನಮ್ಮ ಕುತ್ತಿಗೆಯಲ್ಲಿ ಥೈರಾಯ್ಡ್ ಗ್ರಂಥಿಯ ಹಿಂದೆ ಸಾಮಾನ್ಯವಾಗಿ ನಾಲ್ಕು ಪುಟ್ಟ ಗ್ರಂಥಿಗಳಿರುತ್ತವೆ. ಒಂದೊಂದೂ ಬೇಳೆಕಾಳಿನಷ್ಟು. ಇವೇ ಪ್ಯಾರಾಥೈರಾಯ್ಡ್. ಹೆಸರು ಹತ್ತಿರ ಇದ್ದರೂ ಥೈರಾಯ್ಡ್ ಕೆಲಸಕ್ಕೂ ಇವುಗಳ ಕೆಲಸಕ್ಕೂ ಸಂಬಂಧ ಇಲ್ಲ. ಮನುಷ್ಯನ ದೇಹದಲ್ಲಿ ಇವನ್ನು 1880ರಲ್ಲಿ ವಿವರಿಸಿದವರು ಸ್ವೀಡನ್ನಿನ ಇವಾರ್ ಸ್ಯಾಂಡ್‌ಸ್ಟ್ರೋಮ್ ಎಂಬ ವೈದ್ಯ ವಿದ್ಯಾರ್ಥಿ. ಅದಕ್ಕಿಂತ ಮೊದಲೇ ಲಂಡನ್ ಮೃಗಾಲಯದಲ್ಲಿ ಸತ್ತ ಭಾರತದ ಘೇಂಡಾಮೃಗವೊಂದರ ದೇಹ ಕೊಯ್ದಾಗ ರಿಚರ್ಡ್ ಓವೆನ್ ಎಂಬ ವಿಜ್ಞಾನಿಗೆ ಈ ಗ್ರಂಥಿ ಕಂಡಿತ್ತು.

ಇವುಗಳ ಕೆಲಸ ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗದಂತೆ ನೋಡಿಕೊಳ್ಳುವುದು. ರಕ್ತವನ್ನು ಅಂಗಡಿಯ ಗಲ್ಲಾಪೆಟ್ಟಿಗೆ ಎಂದುಕೊಳ್ಳಿ, ಎಲುಬನ್ನು ಗೋಡೌನ್ ಎಂದುಕೊಳ್ಳಿ. ದೊಡ್ಡವರ ದೇಹದಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇದ್ದರೆ ಅದರ ಶೇ. 99 ಎಲುಬು ಮತ್ತು ಹಲ್ಲಿನಲ್ಲೇ ಇದೆ. ರಕ್ತದಲ್ಲಿ ಇರುವುದು ಚಿಲ್ಲರೆ. ಆದರೆ ಆ ಚಿಲ್ಲರೆ ಇಲ್ಲದಿದ್ದರೆ ಹೃದಯ ಬಡಿಯಲಿಕ್ಕೆ, ಸ್ನಾಯು ಆಡಲಿಕ್ಕೆ ಆಗುವುದಿಲ್ಲ. ಗಲ್ಲಾ ಸ್ವಲ್ಪ ಖಾಲಿಯಾದ ಕೂಡಲೇ ಪ್ಯಾರಾಥೈರಾಯ್ಡ್ ಗ್ರಂಥಿ ಪಿಟಿಎಚ್ ಎಂಬ ಆಳನ್ನು ಓಡಿಸುತ್ತದೆ. ಅವನು ಮೂರು ಕಡೆ ಹೋಗುತ್ತಾನೆ. ಎಲುಬಿನಿಂದ ಕ್ಯಾಲ್ಸಿಯಂ ಹೊರಡಿಸುತ್ತಾನೆ. ಕಿಡ್ನಿಗೆ "ಕ್ಯಾಲ್ಸಿಯಂ ಮೂತ್ರಕ್ಕೆ ಬಿಡಬೇಡ, ಫಾಸ್ಫರಸ್ ಹೊರಗೆ ಹಾಕು" ಎನ್ನುತ್ತಾನೆ. ಮತ್ತೆ ಅದೇ ಕಿಡ್ನಿಯಲ್ಲಿ ವಿಟಮಿನ್ ಡಿ ಕೆಲಸಕ್ಕೆ ಬರುವ ರೂಪಕ್ಕೆ ತಿರುಗುವಂತೆ ಮಾಡಿ, ಕರುಳಿನಿಂದ ಊಟದ ಕ್ಯಾಲ್ಸಿಯಂ ಹೀರುವಂತೆ ಮಾಡಿಸುತ್ತಾನೆ.

ಗಮನಿಸಿ, ಮೂರರಲ್ಲಿ ಎರಡು ಕೆಲಸ ಕಿಡ್ನಿಯಲ್ಲೇ ಆಗಬೇಕು. ಕಿಡ್ನಿ ಸೋತರೆ ಈ ಲೆಕ್ಕ ಎಲ್ಲ ತಪ್ಪುತ್ತದೆ.

ಕಿಡ್ನಿ ಸೋತಾಗ ಆಗುವುದೇನು?

ಕಿಡ್ನಿಯ ಶಕ್ತಿ ಕುಗ್ಗಿದ ಹಾಗೆ ಊಟದಲ್ಲಿ ಬಂದ ಫಾಸ್ಫರಸ್ ಪೂರ್ತಿ ಹೊರಗೆ ಹೋಗುವುದಿಲ್ಲ. ಅದನ್ನು ಹೊರಗೆ ತಳ್ಳಲು ಎಲುಬಿನಿಂದ ಎಫ್‌ಜಿಎಫ್-23 ಎಂಬ ಇನ್ನೊಂದು ಹಾರ್ಮೋನ್ ಏರುತ್ತದೆ. ಅದು ವಿಟಮಿನ್ ಡಿ ತಯಾರಾಗುವುದನ್ನು ತಗ್ಗಿಸುತ್ತದೆ. ಕರುಳಿನಿಂದ ಕ್ಯಾಲ್ಸಿಯಂ ಬರುವುದು ಕಡಿಮೆಯಾಗುತ್ತದೆ. ಗಲ್ಲಾ ಖಾಲಿ, ಆದ್ದರಿಂದ ಪಿಟಿಎಚ್ ಮೇಲೆ ಪಿಟಿಎಚ್. ವರ್ಷಗಟ್ಟಲೆ ಹೀಗೆ ಓವರ್‌ಟೈಮ್ ಮಾಡಿ ಆ ಗ್ರಂಥಿಗಳೇ ಊದಿಕೊಳ್ಳುತ್ತವೆ. ಕೊನೆಗೆ ಕ್ಯಾಲ್ಸಿಯಂ ಸಾಕಷ್ಟಿದ್ದರೂ ಕೇಳದೆ ಹಾರ್ಮೋನ್ ಸುರಿಸುವ ಹಂತಕ್ಕೂ ಹೋಗಬಹುದು.

ಈ ಒಟ್ಟು ಗೊಂದಲಕ್ಕೆ, ಅಂದರೆ ರಕ್ತದ ಕ್ಯಾಲ್ಸಿಯಂ, ಫಾಸ್ಫರಸ್, ಪಿಟಿಎಚ್, ವಿಟಮಿನ್ ಡಿ ಏರುಪೇರು, ಎಲುಬಿನ ತೊಂದರೆ, ರಕ್ತನಾಳಗಳಲ್ಲಿ ಕ್ಯಾಲ್ಸಿಯಂ ಕಟ್ಟುವುದು, ಇದಕ್ಕೆಲ್ಲ ಸೇರಿ ಒಂದೇ ಹೆಸರಿರಲಿ ಎಂದು ಕೆಡಿಗೊ ಎಂಬ ಅಂತಾರಾಷ್ಟ್ರೀಯ ಕಿಡ್ನಿ ತಜ್ಞರ ಸಂಸ್ಥೆ 2006ರಲ್ಲಿ ಸೂಚಿಸಿತು. ಡಾಕ್ಟರ್ ಚೀಟಿಯಲ್ಲಿ 'ಸಿಕೆಡಿ-ಎಂಬಿಡಿ' ಎಂದು ಬರೆದಿದ್ದರೆ ಅದು ಇದೇ. ಕಿಡ್ನಿಯಿಂದ ಶುರುವಾದದ್ದು ಎಲುಬಿಗೆ, ಎಲುಬಿನಿಂದ ಹೃದಯಕ್ಕೆ ಹೋಗುತ್ತದೆ ಎಂಬುದು ಆ ಹೆಸರಿನ ಒಳಗಿನ ಮಾತು.

ಎಲುಬಿಗೂ 'ಟರ್ನೋವರ್' ಉಂಟು

ವ್ಯಾಪಾರದವರಿಗೆ ಟರ್ನೋವರ್ ಎಂದರೆ ವಿವರಿಸಬೇಕಾಗಿಲ್ಲ. ಎಲುಬಿನ ಬಗ್ಗೆಯೂ ಡಾಕ್ಟರ್‌ಗಳು ಅದೇ ಪದ ಹೇಳುತ್ತಾರೆ. ಎಲುಬು ಕಲ್ಲಿನ ಹಾಗೆ ಸುಮ್ಮನೆ ಕೂತದ್ದಲ್ಲ. ಒಂದು ಗುಂಪಿನ ಜೀವಕೋಶಗಳು ಹಳೆಯದನ್ನು ಕೆರೆದು ತೆಗೆಯುತ್ತವೆ, ಇನ್ನೊಂದು ಗುಂಪು ಅಲ್ಲಿ ಹೊಸದು ಕಟ್ಟುತ್ತದೆ. ಆರೋಗ್ಯವಂತ ದೊಡ್ಡವರಲ್ಲಿ ವರ್ಷಕ್ಕೆ ಎಲುಬಿನ ಸುಮಾರು ಶೇ. 10 ಭಾಗ ಹೀಗೆ ಹೊಸದಾಗುತ್ತದೆ. ಒಂದು ಜಾಗದ ಕೆಲಸ ಮುಗಿಯಲು ಕೆಲವು ತಿಂಗಳು ಬೇಕು.

ಪಿಟಿಎಚ್ ತೀರಾ ಹೆಚ್ಚಾದರೆ ಈ ಕೆಲಸ ಅತಿವೇಗ ಪಡೆಯುತ್ತದೆ. ಸ್ಟಾಕ್ ಬರುವ ಮೊದಲೇ ಗೋಡೌನ್ ಖಾಲಿಯಾದ ಹಾಗೆ. ಹೊಸದಾಗಿ ಕಟ್ಟಿದ್ದೂ ಗಡಿಬಿಡಿಯ ಕೆಲಸ, ಗಟ್ಟಿ ಇಲ್ಲ. ಇದು ಹೈ ಟರ್ನೋವರ್. ಎಲುಬು ನೋವು, ಸ್ನಾಯು ಸೋಲು, ತುರಿಕೆ, ಸಣ್ಣ ಬೀಳುವಿಕೆಗೂ ಮುರಿತ, ಇವೆಲ್ಲ ಅದರ ಜೊತೆ ಬರಬಹುದು.

ಪಿಟಿಎಚ್ ತೀರಾ ಕಡಿಮೆಯಾದರೆ ಕೆರೆಯುವುದೂ ಇಲ್ಲ, ಕಟ್ಟುವುದೂ ಇಲ್ಲ. ಮಾಲು ಕದಲದ ಅಂಗಡಿ. ಇದು ಲೋ ಟರ್ನೋವರ್. ಇದರ ಮುಖ್ಯ ರೂಪಕ್ಕೆ ಅಡೈನಾಮಿಕ್ ಬೋನ್ ಎನ್ನುತ್ತಾರೆ, ನಿಶ್ಚಲ ಎಲುಬು ಎನ್ನಬಹುದು. ನಡೆದಾಡುವಾಗ ಎಲುಬಿನಲ್ಲಿ ಆಗುವ ಸೂಕ್ಷ್ಮ ಬಿರುಕುಗಳು ರಿಪೇರಿಯಾಗದೆ ಉಳಿಯುತ್ತವೆ. ಅದಲ್ಲದೆ ಗೋಡೌನ್ ಬಾಗಿಲು ಹಾಕಿದ್ದರಿಂದ ಮಾತ್ರೆಯಲ್ಲಿ, ಊಟದಲ್ಲಿ ಬಂದ ಕ್ಯಾಲ್ಸಿಯಂಗೆ ಒಳಗೆ ಜಾಗ ಇಲ್ಲ. ಅದು ರಕ್ತದಲ್ಲಿ ಏರುತ್ತದೆ, ರಕ್ತನಾಳದ ಗೋಡೆಗಳಲ್ಲಿ, ಹೃದಯದ ಕವಾಟದಲ್ಲಿ ಕಟ್ಟುವ ಅಪಾಯ ಹೆಚ್ಚುತ್ತದೆ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇದ್ದು ಕಿಡ್ನಿ ಹಾಳಾದವರಲ್ಲಿ ಈ ಕಡಿಮೆ ಟರ್ನೋವರ್ ಹೆಚ್ಚಾಗಿ ಕಾಣುತ್ತದೆ.

ಅಂದರೆ ಎರಡೂ ತುದಿಯಲ್ಲಿ ಅಪಾಯ ಉಂಟು. ಬಿ.ಪಿ.ಯ ಹಾಗೆ, "ಕಡಿಮೆ ಆದಷ್ಟು ಒಳ್ಳೆಯದು" ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

65ರ ಮಿತಿ ಡಯಾಲಿಸಿಸ್‌ನವರಿಗೆ ಯಾಕೆ ಹೊಂದುವುದಿಲ್ಲ?

ಲ್ಯಾಬ್ ಮುದ್ರಿಸುವ 15ರಿಂದ 65 ಎಂಬುದು ಕಿಡ್ನಿ ಸರಿ ಇರುವವರ ರಕ್ತ ನೋಡಿ ಹಾಕಿದ ಮಿತಿ. ಡಯಾಲಿಸಿಸ್‌ನವರಿಗೆ ಅದನ್ನೇ ಹಿಡಿಯದಿರಲು ಎರಡು ಕಾರಣ ಉಂಟು.

ಮೊದಲನೆಯದು, ಕಿಡ್ನಿ ಸೋತವರ ಎಲುಬು ಪಿಟಿಎಚ್ ಮಾತನ್ನು ಬೇಗ ಕೇಳುವುದಿಲ್ಲ. ಸಾಮಾನ್ಯ ವೇಗದಲ್ಲಿ ಎಲುಬು ಕೆಲಸ ಮಾಡಬೇಕಾದರೂ ಅವರಿಗೆ ಹೆಚ್ಚು ಪಿಟಿಎಚ್ ಬೇಕು. ಬೇರೆಯವರಿಗೆ 40 ಸಾಕಾದ ಕೆಲಸಕ್ಕೆ ಇವರಿಗೆ ಅದರ ಕೆಲವು ಪಟ್ಟು ಬೇಕಾಗಬಹುದು. ಆದ್ದರಿಂದ ಡಯಾಲಿಸಿಸ್‌ನವರಲ್ಲಿ 48 ಎಂದು ಬಂದರೆ ಎಲುಬು ಮಲಗಿರಬಹುದಾ ಎಂಬ ಸಂಶಯ ಡಾಕ್ಟರ್‌ಗೆ ಬರುವುದು ಸಹಜ.

ಎರಡನೆಯದು, ಪರೀಕ್ಷೆ ಎಣಿಸುವುದೆಲ್ಲ ಅಸಲಿ ಪಿಟಿಎಚ್ ಅಲ್ಲ. ಪೂರ್ತಿ ಪಿಟಿಎಚ್ 84 ಮಣಿಗಳ ಸರದ ಹಾಗೆ. ಕೆಲಸ ಮಾಡಲಿಕ್ಕೆ ಅದರ ಮೊದಲಿನ ಕೆಲವು ಮಣಿಗಳು ಇರಲೇಬೇಕು. ದೇಹದಲ್ಲಿ ಈ ಸರ ಕೆಲವೇ ನಿಮಿಷ ಬಾಳುತ್ತದೆ, ಮತ್ತೆ ತುಂಡಾಗುತ್ತದೆ. ತುಂಡುಗಳನ್ನು ಹೊರಗೆ ಹಾಕುವ ದೊಡ್ಡ ಪಾಲು ಕಿಡ್ನಿಯದ್ದು. ಕಿಡ್ನಿ ಇಲ್ಲದಿದ್ದರೆ ತುಂಡುಗಳು ರಕ್ತದಲ್ಲೇ ಉಳಿಯುತ್ತವೆ. ಹೆಚ್ಚಿನ ಲ್ಯಾಬ್‌ಗಳಲ್ಲಿ ಮಾಡುವ 'ಇಂಟ್ಯಾಕ್ಟ್ ಪಿಟಿಎಚ್' ಪರೀಕ್ಷೆ ಸರವನ್ನು ಎರಡು ಕಡೆ ಹಿಡಿದು ಎಣಿಸುತ್ತದೆ. ಆದರೆ ತುತ್ತತುದಿಯನ್ನೇ ಹಿಡಿಯುವುದಿಲ್ಲ. ಹಾಗಾಗಿ ತಲೆಯ ಆರು ಮಣಿ ಉದುರಿದ ತುಂಡುಗಳೂ ಲೆಕ್ಕಕ್ಕೆ ಸೇರುತ್ತವೆ. ಹೆಸರು ಇಂಟ್ಯಾಕ್ಟ್ ಎಂದಿದ್ದರೂ ಪೂರ್ತಿ ಸರ ಮಾತ್ರ ಎಣಿಸುವ ಪರೀಕ್ಷೆ ಬೇರೆ ಉಂಟು, ಅದರಲ್ಲಿ ಅಂಕೆ ಕಡಿಮೆ ಬರುತ್ತದೆ.

ಹಾಗಾದರೆ ಎಷ್ಟಿದ್ದರೆ ಸರಿ? 2003ರಲ್ಲಿ ಅಮೆರಿಕದ ಮಾರ್ಗಸೂಚಿ ಡಯಾಲಿಸಿಸ್ ಹಂತದವರಿಗೆ 150ರಿಂದ 300 ಎಂದಿತ್ತು. 2009ರಲ್ಲಿ ಕೆಡಿಗೊ ಇದನ್ನು ಬದಲಿಸಿ, ಒಂದು ಗಟ್ಟಿ ಅಂಕೆ ಹೇಳುವ ಬದಲು ಆಯಾ ಲ್ಯಾಬ್‌ನ ಮೇಲಿನ ಮಿತಿಯ ಸುಮಾರು 2ರಿಂದ 9 ಪಟ್ಟಿನ ಒಳಗೆ ಇರಲಿ ಎಂದಿತು. 2017ರ ಪರಿಷ್ಕರಣೆಯಲ್ಲೂ ಇದೇ ಉಳಿಯಿತು. ಲ್ಯಾಬ್ ಮಿತಿ 65 ಆದರೆ 130ರಿಂದ 585 ಎಂದಾಯಿತು. ಇಷ್ಟು ಅಗಲದ ಬಾಗಿಲು ಇಟ್ಟದ್ದರ ಅರ್ಥ ಏನೆಂದರೆ, ಈ ನಡುವಿನ ಜಾಗದಲ್ಲಿ ಪಿಟಿಎಚ್ ಒಂದೇ ನೋಡಿ ಎಲುಬಿನ ಒಳಗೆ ಏನಾಗುತ್ತಿದೆ ಎಂದು ಹೇಳಲು ಆಗುವುದಿಲ್ಲ. ತುದಿಗಳಿಗೆ ಹೋದ ಹಾಗೆ ಅದರ ಮಾತಿಗೆ ಬೆಲೆ ಹೆಚ್ಚು.

492 ಡಯಾಲಿಸಿಸ್ ರೋಗಿಗಳ ಎಲುಬಿನ ಬಯಾಪ್ಸಿಯನ್ನು ರಕ್ತ ಪರೀಕ್ಷೆಯ ಜೊತೆ ಹೋಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ತೋರಿಸಿತು. ಕಡಿಮೆ ಟರ್ನೋವರ್ ಗುರುತಿಸಲು ಸುಮಾರು 104, ಹೆಚ್ಚಿನ ಟರ್ನೋವರ್ ಗುರುತಿಸಲು 323 ಎಂಬ ಗೆರೆ ಅದರಲ್ಲಿ ಸಿಕ್ಕಿತು. ಆದರೂ ಗೆರೆಯ ಆಚೆ ಈಚೆ ತಪ್ಪಿ ಬಿದ್ದವರು ಇದ್ದೇ ಇದ್ದರು.

ಡಯಾಲಿಸಿಸ್ ಶುರುವಾಗದೆ ಮೂರು, ನಾಲ್ಕನೇ ಹಂತದಲ್ಲಿ ಇರುವವರಿಗೆ ಈ 2ರಿಂದ 9 ಪಟ್ಟಿನ ಲೆಕ್ಕ ಅನ್ವಯಿಸುವುದಿಲ್ಲ. ಅವರಿಗೆ ಇಂಥದ್ದೇ ಅಂಕೆ ಎಂಬ ಗುರಿ ಕೆಡಿಗೊ ಇಟ್ಟಿಲ್ಲ. ಸ್ವಲ್ಪ ಏರಿದ್ದು ದೇಹವೇ ಮಾಡಿಕೊಂಡ ಹೊಂದಾಣಿಕೆ ಇರಬಹುದು. ಬಿಡದೆ ಏರುತ್ತಾ ಹೋದರೆ ಫಾಸ್ಫರಸ್ ಹೆಚ್ಚಿದೆಯಾ, ಕ್ಯಾಲ್ಸಿಯಂ ತಗ್ಗಿದೆಯಾ, ವಿಟಮಿನ್ ಡಿ ಕೊರತೆ ಇದೆಯಾ ಎಂದು ಮೊದಲು ಹುಡುಕುತ್ತಾರೆ.

ಎರಡು ಲ್ಯಾಬ್, ಎರಡು ಅಂಕೆ

ನಮ್ಮ ಗಡಿ ಭಾಗದವರಿಗೆ ಇದು ಬಹಳ ಮುಖ್ಯ. ಮಂಜೇಶ್ವರ, ಉಪ್ಪಳ, ಕುಂಬಳೆಯವರು ಒಮ್ಮೆ ಕಾಸರಗೋಡಿನಲ್ಲಿ ರಕ್ತ ಕೊಡುತ್ತಾರೆ, ಇನ್ನೊಮ್ಮೆ ತಲಪಾಡಿ ದಾಟಿ ದೇರಳಕಟ್ಟೆಯಲ್ಲೋ ಮಂಗಳೂರಿನಲ್ಲೋ ಕೊಡುತ್ತಾರೆ. ಮತ್ತೆ ಎರಡು ಅಂಕೆ ಹೋಲಿಸಿ "ಜಾಸ್ತಿ ಆಯಿತು, ಕಡಿಮೆ ಆಯಿತು" ಎನ್ನುತ್ತಾರೆ.

ಪಿಟಿಎಚ್ ಅಳೆಯುವ ಕಿಟ್‌ಗಳು ಹಲವು ಕಂಪೆನಿಗಳದ್ದು ಉಂಟು. ಎಲ್ಲದರ ತಕ್ಕಡಿ ಒಂದೇ ಅಲ್ಲ. 2006ರಲ್ಲಿ ಫ್ರಾನ್ಸಿನ ಸಂಶೋಧಕರು ಡಯಾಲಿಸಿಸ್ ರೋಗಿಗಳ ರಕ್ತವನ್ನು 15 ಕಿಟ್‌ಗಳಲ್ಲಿ ಪರೀಕ್ಷಿಸಿ ನೋಡಿದರು. ಹಳೆಯ ಪ್ರಮಾಣದ ಕಿಟ್‌ನಲ್ಲಿ 150 ತೋರಿಸುವ ಮಟ್ಟವನ್ನು ಬೇರೆ ಕಿಟ್‌ಗಳು 83ರಿಂದ 323ರವರೆಗೆ ತೋರಿಸಿದವು. ರಕ್ತ ಅದೇ, ರೋಗಿ ಅದೇ. ಒಂದರ ಪ್ರಕಾರ ಮಾತ್ರೆ ನಿಲ್ಲಿಸಬೇಕು, ಇನ್ನೊಂದರ ಪ್ರಕಾರ ಮಾತ್ರೆ ಹೆಚ್ಚಿಸಬೇಕು. ಕೆಡಿಗೊ 'ಮಿತಿಯ ಇಷ್ಟು ಪಟ್ಟು' ಎಂದದ್ದು ಈ ತೊಂದರೆ ಗೊತ್ತಿದ್ದೇ. ಆದ್ದರಿಂದ ಸಾಧ್ಯವಾದಷ್ಟು ಒಂದೇ ಲ್ಯಾಬ್ ಹಿಡಿಯಿರಿ. ಬದಲಿಸಲೇಬೇಕಾದರೆ ಆ ರಿಪೋರ್ಟಿನ ಮೇಲೆ ಲ್ಯಾಬ್ ಬದಲಾದದ್ದನ್ನು ಪೆನ್ನಿನಲ್ಲಿ ಬರೆದಿಡಿ.

ಗಲ್ಫಿನಿಂದ ಬರುವ ರಿಪೋರ್ಟ್‌ಗಳಲ್ಲಿ ಇನ್ನೊಂದು ಎಡವಟ್ಟು ಉಂಟು. ನಮ್ಮಲ್ಲಿ ಪಿಟಿಎಚ್ ಅನ್ನು ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ ಇಷ್ಟು ಪಿಕೋಗ್ರಾಂ ಎಂದು ಬರೆಯುತ್ತಾರೆ. ಹೊರದೇಶದ ಕೆಲವು ಆಸ್ಪತ್ರೆಗಳು ಒಂದು ಲೀಟರಿಗೆ ಇಷ್ಟು ಪಿಕೋಮೋಲ್ ಎಂದು ಬರೆಯುತ್ತವೆ. ಅಲ್ಲಿಯ 1 ಇಲ್ಲಿಯ ಸುಮಾರು 9.4ಕ್ಕೆ ಸಮ. ಅಲ್ಲಿ 30 ಇದ್ದದ್ದು ಊರಿಗೆ ಬಂದು ಟೆಸ್ಟ್ ಮಾಡಿದಾಗ 283 ಆದರೆ ಏನೂ ಏರಿಲ್ಲ, ರಿಯಾಲನ್ನು ರೂಪಾಯಿಗೆ ಬದಲಿಸಿದ ಹಾಗೆ ಅಷ್ಟೆ. ಅಂಕೆಯ ಪಕ್ಕದ ಅಳತೆ ನೋಡದೆ ಗಾಬರಿಯಾಗಬೇಡಿ.

ಕೂದಲು ಉದುರುವುದಕ್ಕೆ ತೆಗೆದುಕೊಳ್ಳುವ ಬಯೋಟಿನ್ ಮಾತ್ರೆ ಕೆಲವು ಕಿಟ್‌ಗಳಲ್ಲಿ ಪಿಟಿಎಚ್ ಅನ್ನು ಸುಳ್ಳಾಗಿ ಕಡಿಮೆ ತೋರಿಸುತ್ತದೆ. ಕಿಡ್ನಿ ಸೋತವರ ದೇಹದಿಂದ ಬಯೋಟಿನ್ ಹೊರಗೆ ಹೋಗುವುದೂ ನಿಧಾನ. ಅಂಥ ಮಾತ್ರೆ ತಿನ್ನುತ್ತಿದ್ದರೆ ಡಾಕ್ಟರ್‌ಗೂ ಲ್ಯಾಬ್‌ಗೂ ಮೊದಲೇ ಹೇಳಿ. ರಕ್ತವನ್ನು ಡಯಾಲಿಸಿಸ್ ಶುರುವಾಗುವ ಮೊದಲು ಕೊಡುವುದು ಒಳ್ಳೆಯದು, ಯಾಕೆಂದರೆ ಡಯಾಲಿಸಿಸ್ ದ್ರಾವಣದ ಕ್ಯಾಲ್ಸಿಯಂನಿಂದ ಪಿಟಿಎಚ್ ಆ ನಾಲ್ಕು ಗಂಟೆಯಲ್ಲೇ ಬದಲಾಗುತ್ತದೆ. ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಕೊಡಿ. ಸಣ್ಣ ಕಲೆಕ್ಷನ್ ಸೆಂಟರಿನಿಂದ ದೂರದ ಲ್ಯಾಬ್‌ಗೆ ಕಳಿಸುವಾಗ ಸ್ಯಾಂಪಲ್ ಬಿಸಿಯಲ್ಲಿ ಉಳಿದು ತಡವಾದರೂ ಅಂಕೆ ಇಳಿಯಬಹುದು.

ಪಿಟಿಎಚ್ ಜೊತೆಗೆ ಇನ್ನೇನು ನೋಡಬೇಕು?

ಬ್ಯಾಂಕಿನವರು ಸಾಲ ಕೊಡುವಾಗ ಒಂದು ದಿನದ ಬ್ಯಾಲೆನ್ಸ್ ನೋಡುವುದಿಲ್ಲ, ಆರು ತಿಂಗಳ ಸ್ಟೇಟ್‌ಮೆಂಟ್ ಕೇಳುತ್ತಾರೆ. ಪಿಟಿಎಚ್ ಓದುವುದೂ ಹಾಗೆಯೇ. ಒಂದು ಅಂಕೆಗಿಂತ ಮೂರು ನಾಲ್ಕು ಅಂಕೆಗಳ ದಾರಿ ಮುಖ್ಯ. 500 ಇದ್ದು ವರ್ಷದಿಂದ ಅಲ್ಲೇ ನಿಂತವರು ಬೇರೆ. 180, 320, 500 ಎಂದು ಏರುತ್ತಾ ಬಂದವರು ಬೇರೆ. ಮಿತಿಯ ಒಳಗಿದ್ದರೂ ಒಂದೇ ಕಡೆಗೆ ಜೋರಾಗಿ ಹೋಗುತ್ತಿದ್ದರೆ ಚಿಕಿತ್ಸೆ ಬದಲಿಸಲು ಅದೇ ಕಾರಣ ಸಾಕು ಎಂದು ಕೆಡಿಗೊ ಹೇಳುತ್ತದೆ.

ಜೊತೆಗೆ ನಾಲ್ಕು ಪರೀಕ್ಷೆಗಳನ್ನು ಸೇರಿಸಿ ನೋಡುತ್ತಾರೆ: ಕ್ಯಾಲ್ಸಿಯಂ, ಫಾಸ್ಫರಸ್, ವಿಟಮಿನ್ ಡಿ ಮತ್ತು ಆಲ್ಕಲೈನ್ ಫಾಸ್ಫಟೇಸ್. ಈ ಕೊನೆಯದ್ದು ಹೆಚ್ಚು ಜನರ ಕಣ್ಣಿಗೆ ಬೀಳುವುದಿಲ್ಲ, ಲಿವರ್ ಟೆಸ್ಟಿನ ಪಟ್ಟಿಯಲ್ಲಿ ಅಡಗಿರುತ್ತದೆ. ಎಲುಬು ಕಟ್ಟುವ ಜೀವಕೋಶಗಳಿಂದಲೂ ಬರುವ ಕಾರಣ ಅದು ಎಲುಬಿನ ಚಟುವಟಿಕೆಯ ಸುಳಿವು ಕೊಡುತ್ತದೆ. ಲಿವರ್ ತೊಂದರೆಯಿಂದಲೂ ಅದು ಏರುವುದರಿಂದ ಜಿಜಿಟಿ ಎಂಬ ಲಿವರ್ ಪರೀಕ್ಷೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಎಲುಬಿನದ್ದನ್ನು ಮಾತ್ರ ಅಳೆಯುವ ಬೋನ್ ಸ್ಪೆಸಿಫಿಕ್ ಪರೀಕ್ಷೆಯೂ ಉಂಟು, ಎಲ್ಲ ಕಡೆ ಸಿಗುವುದಿಲ್ಲ.

ಮೂರು ಉದಾಹರಣೆಯಲ್ಲಿ ಇದನ್ನು ನೋಡೋಣ.

ಒಂದು: ಪಿಟಿಎಚ್ 700 ಇದ್ದದ್ದು ಈಗ 1,100. ಆಲ್ಕಲೈನ್ ಫಾಸ್ಫಟೇಸ್ ಜೋರಾಗಿ ಏರಿದೆ, ಲಿವರ್ ಸರಿ ಇದೆ, ಫಾಸ್ಫರಸ್ ಜಾಸ್ತಿ. ಎಲ್ಲ ಸಾಕ್ಷಿಯೂ ಒಂದೇ ಕಡೆ ಕೈ ತೋರಿಸುತ್ತಿದೆ. ಹೈ ಟರ್ನೋವರ್ ಇರುವ ಸಂಭವ ಹೆಚ್ಚು.

ಎರಡು: ಪಿಟಿಎಚ್ 48. ಆಲ್ಕಲೈನ್ ಫಾಸ್ಫಟೇಸ್ ಕೆಳಗಿನ ಕಡೆಯಲ್ಲಿ, ಕ್ಯಾಲ್ಸಿಯಂ 10.6. ದಿನಕ್ಕೆ ಮೂರು ಕ್ಯಾಲ್ಸಿಯಂ ಮಾತ್ರೆ, ಜೊತೆಗೆ ವಿಟಮಿನ್ ಡಿ ಔಷಧಿ. ಎಲುಬು ಮಲಗಿದೆ ಎಂಬ ಸಂಶಯ ಬಲವಾಗಿದೆ. ಇಂಥವರಲ್ಲಿ ಡಾಕ್ಟರ್ ಸಾಮಾನ್ಯವಾಗಿ ಆ ಮಾತ್ರೆಗಳನ್ನು ತಗ್ಗಿಸುತ್ತಾರೆ, ಇಲ್ಲವೇ ನಿಲ್ಲಿಸುತ್ತಾರೆ.

ಮೂರು: ಪಿಟಿಎಚ್ 280, ಉಳಿದದ್ದೆಲ್ಲ ನಡುವಿನಲ್ಲಿ, ಕಳೆದ ವರ್ಷವೂ ಹೀಗೆಯೇ ಇತ್ತು. ಇಲ್ಲಿ ಎಲುಬಿನ ಬಗ್ಗೆ ಖಚಿತ ತೀರ್ಪು ಕೊಡಲು ಆಗುವುದಿಲ್ಲ, ಗಾಬರಿಗೂ ಕಾರಣ ಇಲ್ಲ. ಮುಂದಿನ ರಿಪೋರ್ಟಿಗೆ ಕಾಯುತ್ತಾರೆ.

ಖಚಿತವಾಗಿ ತಿಳಿಯಲೇಬೇಕಾದರೆ ಎಲುಬಿನ ಬಯಾಪ್ಸಿ ಒಂದೇ ದಾರಿ. ಟೆಟ್ರಾಸೈಕ್ಲಿನ್ ಗುಂಪಿನ ಮಾತ್ರೆಯನ್ನು ಕೆಲವು ದಿನಗಳ ಅಂತರದಲ್ಲಿ ಎರಡು ಸಲ ಕೊಡುತ್ತಾರೆ. ಅದು ಹೊಸದಾಗಿ ಕಟ್ಟುವ ಎಲುಬಿಗೆ ಅಂಟಿ, ವಿಶೇಷ ಬೆಳಕಿನಲ್ಲಿ ಎರಡು ಗೆರೆಯಾಗಿ ಹೊಳೆಯುತ್ತದೆ. ಮತ್ತೆ ಸೊಂಟದ ಎಲುಬಿನ ಸಣ್ಣ ತುಂಡು ತೆಗೆದು, ಗೆರೆಗಳ ನಡುವಿನ ಅಂತರ ನೋಡಿ ಎಷ್ಟು ದಿನದಲ್ಲಿ ಎಷ್ಟು ಎಲುಬು ಕಟ್ಟಿತು ಎಂದು ಲೆಕ್ಕ ಹಾಕುತ್ತಾರೆ. ಓದಲು ಬಲ್ಲ ತಜ್ಞರು ಕಡಿಮೆ, ಎಲ್ಲ ಆಸ್ಪತ್ರೆಯಲ್ಲೂ ಇಲ್ಲ. ಅದಕ್ಕೇ ದಿನನಿತ್ಯದ ಚಿಕಿತ್ಸೆ ರಕ್ತ ಪರೀಕ್ಷೆಯ ಮೇಲೆ ನಡೆಯುತ್ತದೆ. ಕಾರಣ ಸಿಗದ ಮುರಿತ, ವಿವರಣೆ ಇಲ್ಲದೆ ಏರಿದ ಕ್ಯಾಲ್ಸಿಯಂ ಇದ್ದಾಗ, ಬಯಾಪ್ಸಿಯ ಉತ್ತರದಿಂದ ಚಿಕಿತ್ಸೆ ಬದಲಾಗುತ್ತದೆ ಎಂದಾದರೆ ಡಾಕ್ಟರ್ ಸೂಚಿಸಬಹುದು.

ಮನೆಮದ್ದು ಮತ್ತು ಮಾತ್ರೆ: ಎಲ್ಲಿ ಜಾಗ್ರತೆ ಬೇಕು

"ಉಮ್ಮಾಗೆ ಕಾಲು ನೋವು, ಎಲುಬು ವೀಕ್ ಆಗಿದೆ" ಎಂದ ಕೂಡಲೇ ನಮ್ಮಲ್ಲಿ ಮೊದಲು ಬರುವ ಸಲಹೆ ಕಾಲು ಸೂಪ್. ಮತ್ತೆ ಮೆಡಿಕಲ್‌ನಿಂದ ಒಂದು ಡಬ್ಬಿ ಕ್ಯಾಲ್ಸಿಯಂ. ಪ್ರೀತಿಯಿಂದ ಮಾಡುವುದೇ. ಆದರೆ ಕಿಡ್ನಿ ಸೋತವರ ಎಲುಬಿನ ತೊಂದರೆ ಹೆಚ್ಚಾಗಿ ಕ್ಯಾಲ್ಸಿಯಂ ತಿನ್ನದೆ ಬಂದದ್ದಲ್ಲ, ಹಾರ್ಮೋನ್ ಲೆಕ್ಕ ತಪ್ಪಿ ಬಂದದ್ದು. ಮೇಲಿನ ಎರಡನೇ ಉದಾಹರಣೆಯವರಿಗೆ ಇನ್ನೊಂದು ಡಬ್ಬಿ ಕ್ಯಾಲ್ಸಿಯಂ ಕೊಟ್ಟರೆ ಅದು ಎಲುಬಿಗೆ ಹೋಗದೆ ರಕ್ತನಾಳಕ್ಕೆ ಹೋಗುವ ಅಪಾಯ ಉಂಟು. ಮುಳ್ಳು ಸಮೇತ ತಿನ್ನುವ ಸಣ್ಣ ಮೀನು, ಒಣಮೀನು, ಕೋಲಾ, ಪ್ಯಾಕೆಟ್ ಮಾಂಸ, ಇವುಗಳಲ್ಲಿ ಫಾಸ್ಫರಸ್ ಹೆಚ್ಚು. ಸೂಪ್ ಸೇರಿ ಏನು ಎಷ್ಟು ಎಂಬುದನ್ನು ಡಯಟೀಷಿಯನ್ ಹತ್ತಿರ ಕೇಳಿಯೇ ಕೊಡಿ.

ಫಾಸ್ಫರಸ್ ಹಿಡಿಯುವ ಮಾತ್ರೆಗಳು, ಉದಾಹರಣೆಗೆ ಕ್ಯಾಲ್ಸಿಯಂ ಅಸಿಟೇಟ್, ಸೆವೆಲಮರ್, ಊಟದ ಜೊತೆಗೇ ಹೊಟ್ಟೆಗೆ ಹೋಗಬೇಕು. ಅನ್ನದಲ್ಲಿರುವ ಫಾಸ್ಫರಸ್‌ಗೆ ಅಂಟಿಕೊಂಡು ಹೊರಗೆ ಹೋಗುವುದೇ ಅವುಗಳ ಕೆಲಸ. ರಾತ್ರಿ ಮಲಗುವಾಗ ಖಾಲಿ ಹೊಟ್ಟೆಗೆ ತಿಂದರೆ ಫಾಸ್ಫರಸ್ ಇಳಿಯುವುದಿಲ್ಲ, ಕ್ಯಾಲ್ಸಿಯಂ ಮಾತ್ರ ಒಳಗೆ ಸೇರುತ್ತದೆ. ಮಾತ್ರೆ ತಿಂದೂ ಪಿಟಿಎಚ್ ಏರುತ್ತಿದೆ ಎಂದಾಗ ಮೊದಲು ಪರೀಕ್ಷಿಸಬೇಕಾದದ್ದು ಇದು. ಎದೆಯುರಿಗೆ ಕುಡಿಯುವ ಆಂಟಾಸಿಡ್‌ಗಳಲ್ಲಿ ಹಲವಕ್ಕೆ ಅಲ್ಯೂಮಿನಿಯಂ ಇರುತ್ತದೆ. ಹಿಂದೆ ಡಯಾಲಿಸಿಸ್ ನೀರಿನಿಂದಲೂ ಅಂಥ ಔಷಧಿಯಿಂದಲೂ ಅಲ್ಯೂಮಿನಿಯಂ ಸೇರಿ ಎಷ್ಟೋ ರೋಗಿಗಳ ಎಲುಬು ಹಾಳಾದದ್ದು ವೈದ್ಯಕೀಯ ಇತಿಹಾಸದಲ್ಲಿ ದಾಖಲಾಗಿದೆ. ಕೇಳದೆ ಕುಡಿಯಬೇಡಿ.

ಪಿಟಿಎಚ್ ಇಳಿಸಲು ಕ್ಯಾಲ್ಸಿಟ್ರಿಯಾಲ್, ಆಲ್ಫಾಕ್ಯಾಲ್ಸಿಡಾಲ್, ಪ್ಯಾರಿಕ್ಯಾಲ್ಸಿಟಾಲ್ ಎಂಬ ವಿಟಮಿನ್ ಡಿ ಗುಂಪಿನ ಔಷಧಿ, ಸಿನಾಕ್ಯಾಲ್ಸೆಟ್ ಎಂಬ ಮಾತ್ರೆ ಉಂಟು. ಯಾವುದಕ್ಕೂ ಬಗ್ಗದಿದ್ದರೆ ಗ್ರಂಥಿ ತೆಗೆಯುವ ಆಪರೇಷನ್. ಎಲ್ಲವೂ ಕೆಲಸ ಮಾಡುವ ಔಷಧಿಗಳೇ, ಅದಕ್ಕೇ ಅಳತೆ ಮೀರಿದರೆ ಎಲುಬನ್ನು ಇನ್ನೊಂದು ತುದಿಗೆ ತಳ್ಳುತ್ತವೆ. ಎರಡು ವರ್ಷದ ಹಿಂದಿನ ಚೀಟಿ ಹಿಡಿದು ಮೆಡಿಕಲ್‌ನಿಂದ ಅದೇ ಮಾತ್ರೆ ತರುವ ಅಭ್ಯಾಸ ಇಲ್ಲಿ ಅಪಾಯಕಾರಿ. ಹಾಗೆಯೇ ಒಂದು ರಿಪೋರ್ಟಿನಲ್ಲಿ ಅಂಕೆ ಇಳಿದದ್ದು ನೋಡಿ ನಾವೇ ನಿಲ್ಲಿಸುವುದೂ ತಪ್ಪು.

ಎಲುಬು ಸವೆತಕ್ಕೆಂದು ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮಾಬ್ ಇಂಜೆಕ್ಷನ್ ಬಗ್ಗೆಯೂ ತಿಳಿದಿರಲಿ. ಕಿಡ್ನಿ ಕಾಯಿಲೆ ಬಹಳ ಮುಂದುವರಿದವರಲ್ಲಿ, ಅದರಲ್ಲೂ ಡಯಾಲಿಸಿಸ್‌ನವರಲ್ಲಿ, ಅದರಿಂದ ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೆ ಕುಸಿಯಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಜನವರಿಯಲ್ಲಿ ಅತಿ ಗಂಭೀರ ದರ್ಜೆಯ ಎಚ್ಚರಿಕೆ ಸೇರಿಸಿತು. ಬೇರೆ ಡಾಕ್ಟರ್ ಎಲುಬಿಗೆ ಯಾವುದೇ ಇಂಜೆಕ್ಷನ್ ಬರೆದರೆ, ಹಾಕಿಸುವ ಮೊದಲು ಕಿಡ್ನಿ ಡಾಕ್ಟರ್‌ಗೆ ತೋರಿಸಿ.

ಮನೆಯ ಯುವಕರು ಮಾಡಬಹುದಾದ ಕೆಲಸ

ಅಂಗಡಿಯ ಲೆಕ್ಕ ಬರೆಯುವವರಿಗೆ ಇದು ಕಷ್ಟ ಇಲ್ಲ. ಒಂದು ನೋಟ್‌ಬುಕ್ಕಿನಲ್ಲೋ ಮೊಬೈಲಿನಲ್ಲೋ ಕಾಲಂ ಎಳೆಯಿರಿ: ತಾರೀಕು, ಲ್ಯಾಬ್ ಹೆಸರು, ಪಿಟಿಎಚ್, ಆ ಲ್ಯಾಬ್‌ನ ಮೇಲಿನ ಮಿತಿ ಮತ್ತು ಅಳತೆ, ಕ್ಯಾಲ್ಸಿಯಂ, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್, ಆ ಹೊತ್ತಿಗೆ ತಿನ್ನುತ್ತಿದ್ದ ಮಾತ್ರೆ. ಪಿಟಿಎಚ್ ಅನ್ನು ಮೇಲಿನ ಮಿತಿಯಿಂದ ಭಾಗಿಸಿ ಎಷ್ಟು ಪಟ್ಟು ಎಂದು ಪಕ್ಕದಲ್ಲಿ ಬರೆಯಿರಿ. 280ನ್ನು 65ರಿಂದ ಭಾಗಿಸಿದರೆ 4.3 ಪಟ್ಟು. ಡಯಾಲಿಸಿಸ್‌ನವರಿಗೆ ಕ್ಯಾಲ್ಸಿಯಂ, ಫಾಸ್ಫರಸ್ ಒಂದರಿಂದ ಮೂರು ತಿಂಗಳಿಗೊಮ್ಮೆ, ಪಿಟಿಎಚ್ ಮೂರರಿಂದ ಆರು ತಿಂಗಳಿಗೊಮ್ಮೆ ಎಂಬುದು ಸಾಮಾನ್ಯ ಕ್ರಮ. ಔಷಧಿ ಬದಲಾದಾಗ ಡಾಕ್ಟರ್ ಇನ್ನೂ ಬೇಗ ಕೇಳಬಹುದು.

ಮುಂದಿನ ಸಲ ಹೋದಾಗ ಆ ಪುಟ ಮೇಜಿನ ಮೇಲಿಟ್ಟು ಮೂರು ಪ್ರಶ್ನೆ ಕೇಳಿ. ಕಳೆದ ಮೂರು ರಿಪೋರ್ಟಿನಲ್ಲಿ ಪಿಟಿಎಚ್ ಯಾವ ಕಡೆಗೆ ಹೋಗುತ್ತಿದೆ? ಆಲ್ಕಲೈನ್ ಫಾಸ್ಫಟೇಸ್ ಜೊತೆ ನೋಡಿದರೆ ಎಲುಬಿನ ಟರ್ನೋವರ್ ಬಗ್ಗೆ ನಿಮ್ಮ ಅಂದಾಜು ಏನು? ಈಗಿನ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತ್ರೆ ಇಷ್ಟೇ ಪ್ರಮಾಣದಲ್ಲಿ ಇನ್ನೂ ಬೇಕಾ?

ಡಾಕ್ಟರ್ ಕೈಯಲ್ಲಿ ಸಮಯ ಕಡಿಮೆ, ಹೊರಗೆ ಟೋಕನ್ ಸಾಲು ಉದ್ದ ಇರುತ್ತದೆ. ಬಿಡಿ ಬಿಡಿ ಕಾಗದಗಳ ಕಟ್ಟು ಬಿಚ್ಚುವಷ್ಟರಲ್ಲಿ ನಮ್ಮ ಸರದಿ ಮುಗಿಯುತ್ತದೆ. ಒಂದೇ ಪುಟದಲ್ಲಿ ಒಂದು ವರ್ಷದ ಲೆಕ್ಕ ಸಿಕ್ಕಿದರೆ ಆ ಐದು ನಿಮಿಷದಲ್ಲೇ ಸರಿಯಾದ ತೀರ್ಮಾನಕ್ಕೆ ದಾರಿಯಾಗುತ್ತದೆ.